ಮಂಗಳವಾರದ ಮೊದಲ ಕೊಪ್ಪರಿಗೆ

ಮರಿಸ್ವಾಮಿ ಆಲೆಮನೆಯಲ್ಲಿ ಬೆಲ್ಲದ ಹದ ನೋಡುವವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಕುದಿದು ಪಾಕವಾಗುವಾಗ, ಒಲೆಯಿಂದ ಇಳಿಸುವ ಗಳಿಗೆ ಯಾವುದೆಂದು ಹೇಳುವುದು ಅವನ ಕೆಲಸ. ಸ್ವಲ್ಪ ಮೊದಲಾದರೆ ಬೆಲ್ಲ ಅಂಟು. ಸ್ವಲ್ಪ ತಡವಾದರೆ ಸೀದು ಕಪ್ಪು. ಅವನು ಒಂದು ತೊಟ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ತಟ್ಟೆಗೆ ಎಸೆಯುತ್ತಿದ್ದ. ಟಣ್ ಎಂದರೆ ಸಾಕು, "ಇಳಿಸ್ರೋ!" ಎಂದು ಕೂಗುತ್ತಿದ್ದ.

ಹನ್ನೊಂದು ವರ್ಷ ಹೀಗೇ ಕಳೆಯಿತು. ಒಂದು ದಿನವೂ "ಅಯ್ಯೋ, ಕೆಲಸಕ್ಕೆ ಹೋಗ್ಬೇಕಲ್ಲಪ್ಪಾ" ಎಂದು ಗೊಣಗಿದವನಲ್ಲ. ನಿಮ್ಮಲ್ಲಿ ಎಷ್ಟು ಜನ ಹಾಗೆ ಹೇಳಬಲ್ಲಿರಿ? ಕೈ ಎತ್ತಿ ನೋಡೋಣ. ಹೋಗಲಿ ಬಿಡಿ, ಕಥೆ ಕೇಳಿ.

ಖುಷಿ ಬೆಟ್ಟದಷ್ಟಿದ್ದರೂ ಕೂಲಿ ಮಾತ್ರ ಅಷ್ಟಕ್ಕಷ್ಟೆ. ಅದೂ ವರ್ಷಕ್ಕೆ ಏಳೇ ತಿಂಗಳು. ಉಳಿದ ಐದು ತಿಂಗಳು ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಬೇಕು. ಹೆಂಡತಿ ಸವಿತಾ ಈಗ ಐದು ತಿಂಗಳ ಬಸುರಿ. ಗಂಡನ ಬೆನ್ನಿಗೆ ಎಣ್ಣೆ ತಿಕ್ಕುತ್ತಾ ಅವಳು ಏನೂ ಹೇಳುತ್ತಿರಲಿಲ್ಲ. ಹೇಳದೇ ಇದ್ದದ್ದೇ ಅವನಿಗೆ ಹೆಚ್ಚು ಚುಚ್ಚುತ್ತಿತ್ತು.

ಒಂದು ದಿನ ಪಕ್ಕದ ಊರಿನ ಸಕ್ಕರೆ ಕಾರ್ಖಾನೆಯ ಜೀಪು ಆಲೆಮನೆ ಮುಂದೆ ಕೆಟ್ಟು ನಿಂತಿತು. ಅದರಲ್ಲಿ ಬಂದವರು ಕಾರ್ಖಾನೆಯ ಪ್ರಯೋಗಾಲಯದ ಮುಖ್ಯಸ್ಥೆ ಇಂದುಮತಿ ಮೇಡಂ. ಜೀಪು ರಿಪೇರಿ ಆಗುವಷ್ಟರಲ್ಲಿ ಅವರು ಮರಿಸ್ವಾಮಿಯ ಕೈಚಳಕವನ್ನು ನೋಡಿದರು. ಹಾಲಿನ ವಾಸನೆಯಿಂದಲೇ ಅವನು "ಇದು ಹಳೇ ಬುಡದಿಂದ ಚಿಗುರಿದ ಕೂಳೆ ಕಬ್ಬು, ಅದು ಹೊಸ ನಾಟಿ" ಎನ್ನುವುದನ್ನು ಕೇಳಿ ಬೆರಗಾದರು.

"ನಮ್ಮ ಲ್ಯಾಬಿಗೆ ಬರ್ತೀಯಾ?" ಎಂದರು. "ವರ್ಷಪೂರ್ತಿ ಕೆಲಸ. ತರಬೇತಿ ಕೊಡ್ತೀವಿ. ಪರೀಕ್ಷೆ ಪಾಸು ಮಾಡ್ತಾ ಹೋದರೆ ಮೇಲೆ ಬರಬಹುದು. ಎಂಟು ದಿನ ಬಂದು ನೋಡು. ಎಂಟನೇ ದಿನ ಸಂಜೆ ಹೂಂ ಅಥವಾ ಊಹೂಂ ಹೇಳು. ಆಮೇಲೆ ಆ ಜಾಗ ಬೇರೆಯವರಿಗೆ."

ಮರಿಸ್ವಾಮಿಗೆ ಅನ್ನ ಸೇರಲಿಲ್ಲ. ಭಾಮೈದನನ್ನು ಕೇಳಿದ. "ಗಾಳಿ ಬಂದಾಗ ತೂರ್ಕೋ ಭಾವ" ಎಂದ. ಆಲೆಮನೆ ಯಜಮಾನ ಚಿಕ್ಕೀರೇಗೌಡನನ್ನು ಕೇಳಿದ. "ದೂರದ ಬೆಟ್ಟ ನುಣ್ಣಗೆ ಕಣ್ಲಾ" ಎಂದ. ಗಾದೆಗಳೇ ಹೀಗೆ, ಎರಡೂ ಕಡೆಗೆ ಸಾಕ್ಷಿ ಹೇಳುತ್ತವೆ.

ಕೊನೆಗೆ ಅವನು ಸಣ್ಣತಾಯಮ್ಮನ ಹತ್ತಿರ ಹೋದ. ಅವನಿಗೆ ಹದ ಕಲಿಸಿದ ಗುರು ಅವಳು. ಗಂಡಸರೇ ತುಂಬಿದ ಆಲೆಮನೆಯಲ್ಲಿ ನಲವತ್ತು ವರ್ಷ ಕೊಪ್ಪರಿಗೆಯ ಮುಂದೆ ನಿಂತವಳು. ನಿಮ್ಮ ಮೊಬೈಲಿಗೆ ಬರುವ ಕಥೆಗಳಲ್ಲಿ ಗುರುಗಳು ಕಣ್ಣು ಮುಚ್ಚಿ, ಮುಗುಳ್ನಕ್ಕು, ತಕ್ಷಣ ಉತ್ತರ ಕೊಡುತ್ತಾರೆ. ಈ ಗುರು ಎಲೆ ಅಡಿಕೆ ಉಗಿದು, "ನಂಗೇನ್ಲಾ ಗೊತ್ತು?" ಎಂದಳು.

"ಅವ್ವಾ, ನೀನೇ ಹಿಂಗಂದ್ರೆ?"

"ನಾನು ಆ ಕಾರ್ಖಾನೆ ಒಳಕ್ಕೆ ಕಾಲಿಟ್ಟಿದ್ದೀನಾ? ನೋಡದೇ ಇರೋದ್ಕೆ ಹೆಂಗೆ ಹದ ಹೇಳ್ಲಿ? ನೀನು ಹೋಗಿ ನೋಡು. ಎಂಟು ದಿನ ಕೊಪ್ಪರಿಗೆ ನಾನು ನೋಡ್ಕೋತೀನಿ. ಆದ್ರೆ ದಿನಾ ಸಂಜೆ ಬಂದು ನಂಗೊಂದು ಹೇಳ್ಬೇಕು. ಇವತ್ತು ಏನು ಕೊಟ್ರು ಅಂತಲ್ಲ. ಇವತ್ತು ನೀನು ಏನು ಕೇಳ್ದೆ ಅಂತ."

ಬುಧವಾರ ಅವನು ಹೊರಟ. ಸಂಜೆ ಬಂದು, "ತಿರುಗೋ ಕುರ್ಚಿ ಅವ್ವಾ! ಫ್ಯಾನು! ಎರಡು ಸಲ ಟೀ!" ಎಂದ.

"ಕುರ್ಚಿ ಬುಡು. ಏನು ಕೇಳ್ದೆ?"

ಅವನು ತಲೆ ಕೆರೆದುಕೊಂಡ. ಏನೂ ಕೇಳಿರಲಿಲ್ಲ. ಗುರುವಾರವೂ ಅಷ್ಟೆ. ಬಾಟಲಿಗಳಿಗೆ ಚೀಟಿ ಅಂಟಿಸಿ ಬಂದಿದ್ದ. "ಬೇಜಾರು ಅವ್ವಾ, ಇಲ್ಲೇ ಚೆನ್ನಾಗಿತ್ತು" ಎಂದ.

ಶುಕ್ರವಾರ ಬೆಳಿಗ್ಗೆ ಕಾರ್ಖಾನೆಯಲ್ಲಿ ಒಂದು ದೃಶ್ಯ ಕಂಡು ಅವನು ಹೌಹಾರಿದ. ಆಳುಗಳು ಕಬ್ಬಿನ ಹಾಲಿನ ತೊಟ್ಟಿಯನ್ನು ಬಿಸಿನೀರು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಅವನ ಆಲೆಮನೆಯಲ್ಲಿ ಒಂದು ಪದ್ಧತಿ ಇತ್ತು. ಗಾಣದ ಕೆಳಗಿನ ತೊಟ್ಟಿಗೆ ಹಂಗಾಮಿನ ಮೊದಲ ದಿನ ಪೂಜೆ ಮಾಡಿದರೆ, ಹಂಗಾಮು ಮುಗಿಯುವವರೆಗೆ ತೊಳೆಯುವಂತಿಲ್ಲ. ತೊಳೆದರೆ ಲಕ್ಷ್ಮಿಯೂ ತೊಳೆದು ಹೋಗುತ್ತಾಳೆ ಎಂಬ ಭಯ.

"ಮೇಡಂ, ಯಾಕೆ ತೊಳೀತಾರೆ?" ಎಂದು ಕೇಳಿದ.

ಇಂದುಮತಿ ಮೇಡಂ ನಕ್ಕರು. "ಮೂರು ದಿನಕ್ಕೆ ಬಾಯಿ ಬಿಟ್ಟೆಯಲ್ಲ! ಬಾ ಇಲ್ಲಿ." ಒಂದು ಲೋಟ ತಾಜಾ ಹಾಲು, ಒಂದು ಲೋಟ ತೊಟ್ಟಿಯ ತಳದಲ್ಲಿ ಉಳಿದ ಹಳೇ ಹಾಲು ಇಟ್ಟು, ಎರಡಕ್ಕೂ ಕಾಗದದ ಪಟ್ಟಿ ಅದ್ದಿದರು. ಪಟ್ಟಿಗಳ ಬಣ್ಣ ಬೇರೆ ಬೇರೆಯಾಯಿತು. ಹಳೇ ಹಾಲು ಹುಳಿಯಾಗಿದೆ, ಹುಳಿಯಾದ ಹಾಲಿನ ಸಕ್ಕರೆ ಒಡೆದುಹೋಗುತ್ತದೆ, ಒಡೆದ ಸಕ್ಕರೆ ಗಟ್ಟಿ ಕಟ್ಟುವುದಿಲ್ಲ, ಹೊಸ ಹಾಲಿಗೆ ಬೆರೆತರೆ ಅದನ್ನೂ ಕೆಡಿಸುತ್ತದೆ ಎಂದು ವಿವರಿಸಿದರು.

ಅವತ್ತು ಮರಿಸ್ವಾಮಿ ಬಸ್ಸಿನಲ್ಲಿ ತನ್ನ ಊರು ದಾಟಿ ಮುಂದಿನ ಊರಿನಲ್ಲಿ ಇಳಿದ. ಅಷ್ಟು ಯೋಚನೆ. ಎಷ್ಟು ಹೊತ್ತಿಗೆ ಹುಳಿಯಾಗುತ್ತದೆ? ಬಿಸಿಲಲ್ಲಿ ಬೇಗವಾ? ನಾವು ಹಾಲಿಗೆ ಹಾಕುವ ಚಿಟಿಕೆ ಸುಣ್ಣ ಏನು ಮಾಡುತ್ತದೆ? ಸಂಜೆ ಇದನ್ನೆಲ್ಲ ಹೇಳಿದಾಗ ಸಣ್ಣತಾಯಮ್ಮ, "ತೊಟ್ಟಿ ತೊಳೆಯೋದಾ? ಥೂ ಥೂ, ಬುಡು ಬುಡು" ಎಂದು ಕೆನ್ನೆ ಬಡಿದುಕೊಂಡಳು. ಆದರೆ "ಆಮೇಲೆ?" ಎಂದು ಕೇಳಿದಳು. ಮುದುಕಿಗೂ ಕುತೂಹಲ ಇರುತ್ತದೆ ಸ್ವಾಮಿ.

ಶನಿವಾರ, ಭಾನುವಾರ ಕಳೆಯಿತು. ಸೋಮವಾರ ಆಲೆಮನೆಗೆ ರಜೆ. ಹಿಂದೆ ಗಾಣಕ್ಕೆ ಎತ್ತು ಕಟ್ಟುತ್ತಿದ್ದ ಕಾಲದಲ್ಲಿ ಬಸವಣ್ಣನಿಗೆ ಸೋಮವಾರ ಬಿಡುವು. ಈಗ ಮೋಟಾರು ಬಂದರೂ ಬಿಡುವು ಹಾಗೇ ಉಳಿದಿತ್ತು. ಕಾರ್ಖಾನೆ ಮಾತ್ರ ಸೋಮವಾರವೂ ನಡೆಯುತ್ತಿತ್ತು.

ಮಂಗಳವಾರ ಸಂಜೆ ಮರಿಸ್ವಾಮಿ ಆಲೆಮನೆಗೆ ಬಂದಾಗ ಸವಿತಾ ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಕೂತು ಬಿಕ್ಕುತ್ತಿದ್ದಳು.

ಆದದ್ದು ಇಷ್ಟು. ಬೆಳಿಗ್ಗೆ ಅವಳು ಸಣ್ಣತಾಯಮ್ಮನಿಗೆ ರೊಟ್ಟಿ ತಂದಿದ್ದಳು. ಆಲೆಮನೆಗೆ ಬಂದವರನ್ನು ಹಾಗೇ ಕಳಿಸಬಾರದೆಂದು ಒಂದು ಲೋಟ ಕಬ್ಬಿನ ಹಾಲು ಕೊಟ್ಟಿದ್ದರು. ಅವಳು ಕುಡಿದು ಹೋದ ಮೇಲೆ ಮೊದಲ ಕೊಪ್ಪರಿಗೆ ಇಳಿಸಿದರೆ, ಬೆಲ್ಲ ಕಟ್ಟಲೇ ಇಲ್ಲ. ಅಚ್ಚಿನಲ್ಲಿ ಅಂಟು ಅಂಟಾಗಿ ಕೂತಿತು. ಸಂಜೆ ಅವಳು ರೊಟ್ಟಿಯ ಡಬ್ಬಿ ತಗೊಂಡು ಹೋಗಲು ಮತ್ತೆ ಬಂದಾಗ ಚಿಕ್ಕೀರೇಗೌಡ ಎಲ್ಲರೆದುರು, "ಬಸುರಿ ಹೆಂಗಸಿನ ಕಣ್ಣು ಬಿತ್ತು. ಇನ್ಮೇಲೆ ಮಂಗಳವಾರ ಈ ಕಡೆ ಬರ್ಬೇಡ ತಾಯಿ" ಎಂದುಬಿಟ್ಟಿದ್ದ.

ಆ ಆಲೆಮನೆಯಲ್ಲಿ ಮಂಗಳವಾರದ ಮೊದಲ ಕೊಪ್ಪರಿಗೆ ಆಗಾಗ ಹೀಗೆ ಕೈಕೊಡುತ್ತಿತ್ತು. ಕೈಕೊಟ್ಟಾಗಲೆಲ್ಲ ಅವತ್ತು ಮೊದಲು ಹಾಲು ಕುಡಿದವರ ದೃಷ್ಟಿ ಎಂದು ಬೈದು, ಮೆಣಸಿನಕಾಯಿ ಸುಟ್ಟು, ಸುಮ್ಮನಾಗುತ್ತಿದ್ದರು.

ಮರಿಸ್ವಾಮಿಗೆ ಸಿಟ್ಟು ನೆತ್ತಿಗೇರಿತು. ಜಗಳಕ್ಕೆ ಬಾಯಿ ತೆರೆದವನು ತಟ್ಟನೆ ತೊಟ್ಟಿಯ ಕಡೆ ತಿರುಗಿದ. ಸೋಮವಾರ ಪೂರ್ತಿ ಗಾಣ ನಿಂತಿತ್ತು. ತೊಟ್ಟಿಯ ತಳದಲ್ಲಿ ಭಾನುವಾರದ ಹಾಲು ಕೂತೇ ಇತ್ತು, ಬೆಳಿಗ್ಗೆ ಹೊಸ ಹಾಲು ಅದರ ಮೇಲೇ ಬಿದ್ದಿತ್ತು.

"ಗೌಡ್ರೇ, ಎರಡು ಸಣ್ಣ ಬಾಣಲೆ ಕೊಡಿ" ಎಂದ.

ಒಂದು ಬಾಣಲೆಗೆ ಆಗಷ್ಟೇ ಗಾಣದ ಬಾಯಿಂದ ಬಿದ್ದ ಹಾಲು ಹಿಡಿದ. ಇನ್ನೊಂದಕ್ಕೆ ಅದೇ ಹಾಲು ಹಿಡಿದು, ತೊಟ್ಟಿಯ ಮೂಲೆಯಲ್ಲಿ ಕೂತಿದ್ದ ಹಳೇ ಗಸಿಯನ್ನು ಎರಡು ಸೌಟು ಬೆರೆಸಿದ. ಎರಡನ್ನೂ ಒಲೆಗಿಟ್ಟು, "ಅವ್ವಾ, ಹದ ನೀನೇ ಹೇಳು" ಎಂದ. ಸಣ್ಣತಾಯಮ್ಮ ಎರಡಕ್ಕೂ ಹದ ನೋಡಿದಳು. ಅವಳು ಹೇಳಿದ ಗಳಿಗೆಗೇ ಎರಡನ್ನೂ ಇಳಿಸಿದರು. ಆಳುಗಳೆಲ್ಲ ಕತ್ತು ಚಾಚಿ ಸುತ್ತ ನಿಂತರು.

ಮೊದಲನೆಯದು ಹೊಂಬಣ್ಣಕ್ಕೆ ಗಟ್ಟಿ ಕಟ್ಟಿತು. ಎರಡನೆಯದು ಗೋಂದಿನ ಹಾಗೆ ಬೆರಳಿಗೆ ಮೆತ್ತಿಕೊಂಡಿತು.

"ಈಗ ಯಾರ ಕಣ್ಣು ಬಿತ್ತು ಗೌಡ್ರೇ?" ಎಂದ ಮರಿಸ್ವಾಮಿ. ಗೌಡ ಸವಿತಾಳ ಕಡೆ ನೋಡಲಾರದೆ ಟವೆಲ್ಲು ಕೊಡವಿಕೊಂಡ. ಆಮೇಲೆ, "ತಪ್ಪಾಯ್ತು ಕಣವ್ವ" ಎಂದ.

ಸಣ್ಣತಾಯಮ್ಮ ಮಾತ್ರ ಅಂಟು ಬೆಲ್ಲವನ್ನು ಮತ್ತೆ ಮತ್ತೆ ಮುಟ್ಟುತ್ತಿದ್ದಳು.

"ನನ್ ತಂಗಿ ಕೆಂಪಮ್ಮ" ಎಂದಳು. "ಇಪ್ಪತ್ತೆರಡು ವರ್ಷದ ಕೆಳಗೆ, ಹಿಂಗೇ ಮಂಗಳವಾರ, ಹಾಲು ಕುಡ್ಯಕ್ಕೆ ಬಂದಿದ್ಲು. ಕೊಪ್ಪರಿಗೆ ಕೆಟ್ಟೋಯ್ತು. 'ನಿನ್ ಕಣ್ಣು ಸುಡ್ಲಿ, ಇನ್ನೊಂದಪ ಈ ಕಡೆ ತಲೆ ಹಾಕ್ಬೇಡ' ಅಂತ ನಾನೇ, ಈ ಬಾಯಲ್ಲೇ ಅಂದೆ. ಅವತ್ತಿಂದ ಅವಳು ನಮ್ಮನೆ ಹೊಸ್ಲು ತುಳಿದಿಲ್ಲ. ಅಯ್ಯೋ ನನ್ ಕರ್ಮವೇ. ನಲವತ್ತು ವರ್ಷ ಹದ ನೋಡ್ದೆ, ಒಂದ್ ದಿನಾನೂ ತೊಟ್ಟಿ ನೋಡ್ಲಿಲ್ಲ ಕಣ್ಲಾ."

ಮಾರನೇ ದಿನ ಬೆಳಗ್ಗೆ ಅವಳು ತಾನೇ ನಿಂತು ತೊಟ್ಟಿ ತೊಳೆಸಿದಳು. ಆಮೇಲೆ ತಂಬಿಗೆಯಲ್ಲಿ ಹಾಲು ತುಂಬಿಕೊಂಡು ಪಕ್ಕದ ಹಟ್ಟಿಗೆ ನಡೆದಳು. ಕೆಂಪಮ್ಮ ಬಾಗಿಲಲ್ಲಿ ನಿಂತು ಅಕ್ಕನನ್ನು ನೋಡಿದಳು, ತಂಬಿಗೆ ನೋಡಿದಳು. "ಅವತ್ತಿಂದ ನಾನು ಕಬ್ಬಿನ ಹಾಲೇ ಕುಡಿದಿಲ್ಲ ಕಣಕ್ಕ" ಎಂದು ಅತ್ತುಬಿಟ್ಟಳು. ಅಕ್ಕನೂ ಅತ್ತಳು. ಅಳಬೇಕಾದದ್ದೇ.

ಅದು ಎಂಟನೇ ದಿನ. ಸಂಜೆ ಮರಿಸ್ವಾಮಿ ಮೇಡಂಗೆ "ಹೂಂ" ಎಂದು ಹೇಳಿಯೇ ಬಂದ. ಆಲೆಮನೆಗೆ ಬಂದು ಸಣ್ಣತಾಯಮ್ಮನ ಕಾಲಿಗೆ ಬಿದ್ದ.

"ಎದ್ದೇಳು. ಅಲ್ಲಿ ಇಲ್ಲಿನಷ್ಟೇ ಖುಷಿಯಾಗಿರ್ತೀಯಾ?" ಎಂದು ಅವಳು ಕೇಳಿದಳು.

"ಇಲ್ಲವ್ವಾ. ಎಂಟು ದಿನದಲ್ಲಿ ಮೂರು ದಿನ ಖುಷಿ, ಐದು ದಿನ ಬರೀ ಚೀಟಿ ಅಂಟ್ಸೋದು. ಇಲ್ಲಾದ್ರೆ ದಿನಾ ಖುಷಿ."

"ಸಂಬಳಕ್ಕೆ ಹೋಗ್ತಿದ್ದೀಯಾ ಹಂಗಾದ್ರೆ? ಹೋದ್ರೂ ತಪ್ಪಿಲ್ಲ. ಕೂಸು ಬರ್ತದೆ."

"ಸಂಬಳವೂ ಬೇಕು, ಸುಳ್ಳು ಹೇಳಕ್ಕಿಲ್ಲ. ಆದ್ರೆ ಅವ್ವಾ, ನೀನು ಒಬ್ಬಳನ್ನ ಒಂದಪ ಬೈದದ್ದಕ್ಕೇ ಇಷ್ಟು ನೊಂದ್ಕೊಂಡೆ. ನಾನು ಹನ್ನೊಂದು ವರ್ಷದಲ್ಲಿ ಮಂಗಳವಾರ ಮಂಗಳವಾರ ಎಷ್ಟ್ ಜನರನ್ನ ಬೈದು ಕಳ್ಸಿದ್ದೀನೋ ಲೆಕ್ಕವೇ ಇಲ್ಲ. ಒಂದಪವಾದ್ರೂ ಯಾಕೆ ಹಿಂಗಾಯ್ತದೆ ಅಂತ ಕೇಳ್ಲಿಲ್ಲ. ಯಾಕ್ ಕೇಳ್ಲಿ? ನಾನು ಖುಷಿಯಾಗಿದ್ದೆ. ಬೈಯೋವಾಗ್ಲೂ ಖುಷಿಯಾಗೇ ಇದ್ದೆ."

ಸಣ್ಣತಾಯಮ್ಮ ಅವನ ತಲೆ ಮೇಲೆ ಕೈಯಿಟ್ಟು, "ಹೋಗ್ಲಾ ಮಗ. ನಂಗೆ ಗೊತ್ತಿಲ್ಲದ್ದು ಕಲ್ತು ಬಾ" ಎಂದಳು.

ಕೊನೆಗೊಂದು ಮಾತು. ಮರಿಸ್ವಾಮಿ ಅಲ್ಲಿಗೆ ಹೋಗಿ ಕುಣಿದಾಡಿದ ಎಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಆಲೆಮನೆಯ ಹೊಗೆ ಕಂಡಾಗಲೆಲ್ಲ ಬಸ್ಸಿನಲ್ಲಿ ಮುಖ ತಿರುಗಿಸಿ ಕೂರುತ್ತಿದ್ದ. ಆದರೆ ದಿನಾ ಬೆಳಿಗ್ಗೆ ಹೋಗುವಾಗ ಅವನ ಬಾಯಲ್ಲಿ ಒಂದು ಪ್ರಶ್ನೆ ಇರುತ್ತಿತ್ತು.

ನೀತಿ: ಇಷ್ಟದ ಕೆಲಸ ಬಿಡಲೋ ಬೇಡವೋ ಎಂದು ತೊಳಲಾಡುವಾಗ ಸಂಬಳವೊಂದನ್ನೇ ತೂಗಬೇಡಿ, ಸುಖವೊಂದನ್ನೇ ತೂಗಬೇಡಿ. ನಾಲ್ಕು ದಿನ ಹೋಗಿ, ಕಣ್ಣಾರೆ ನೋಡಿ. ಯಾವ ಕೆಲಸ ನಿಮ್ಮಿಂದ "ಯಾಕೆ?" ಎಂದು ಕೇಳಿಸುತ್ತದೋ ಅದರ ಕಡೆ ನಡೆಯಿರಿ. ಅದು ನೀವು ಈಗ ಇರುವ ಜಾಗವೇ ಆದರೆ, ಯಾರು ಏನೇ ಅಂದರೂ ಅಲ್ಲೇ ಇರಿ. ಆದರೆ ಕೇಳುವುದನ್ನು ಮರೆಸಿದ ಖುಷಿಯನ್ನು ಮಾತ್ರ ನಂಬಬೇಡಿ. ಅದರ ದಂಡವನ್ನು ಬೇರೆ ಯಾರೋ ಕಟ್ಟುತ್ತಿರುತ್ತಾರೆ.