ಮೀಸೆಗೆ ಹಚ್ಚಿದ ಸೊಗಡು

"ಗೊತ್ತಿದೆ ಎಂದು ಬರೆದರೆ, ಗೊತ್ತಿರುವುದಕ್ಕೆ ದುಡ್ಡು ಯಾಕೆ ಎನ್ನುತ್ತಾರೆ. ಗೊತ್ತಿಲ್ಲ ಎಂದು ಬರೆದರೆ, ಗೊತ್ತಿಲ್ಲದವಳಿಗೆ ದುಡ್ಡು ಯಾಕೆ ಎನ್ನುತ್ತಾರೆ. ಹಾಗಾದರೆ ನಾನು ಏನು ಬರೆಯಬೇಕು, ಅಯ್ಯನವರೇ?"

ಕೇಳಿದವಳು ಸುಚಿತ್ರಾ. ಕೇಳಿಸಿಕೊಂಡವರು ತತ್ವಪದದ ಗುರು ಹೊನ್ನಗಂಗಯ್ಯನವರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತಾವು ಹತ್ತಿದ್ದರೆ ಶಾಲೆ ತಡೆದುಕೊಳ್ಳುತ್ತಿರಲಿಲ್ಲ ಎಂದು ಅವರೇ ಹೇಳುತ್ತಿದ್ದರು.

ಇಬ್ಬರ ನಡುವೆ ನೆನೆಸಿದ ಅವರೆಕಾಳಿನ ಪಾತ್ರೆ ಇತ್ತು. ಸಂಜೆ ಪದ ಹಾಡಲು ಬರುವವರಿಗೆ ಹಿದುಕವರೆ ಸಾರು. ಕಾಳನ್ನು ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಹಾರಿಸುವ ಕೆಲಸದಲ್ಲಿ ಗುರು ಶಿಷ್ಯೆ ಎಂಬ ಭೇದವಿರಲಿಲ್ಲ.

ಸುಚಿತ್ರಾ ಎಂ.ಎಸ್ಸಿ. ಮುಗಿಸಿದ್ದಳು. ಆಹಾರ ಮತ್ತು ಸಸ್ಯವಿಜ್ಞಾನದ ಸಂಸ್ಥೆಯೊಂದರಲ್ಲಿ ಪಿಎಚ್.ಡಿ.ಗೆ ಒಂದೇ ಒಂದು ಜಾಗ ಇತ್ತು. ಸಿಕ್ಕಿದರೆ ಸಂಶೋಧನೆ ಮುಗಿಯುವ ತನಕ ತಿಂಗಳು ತಿಂಗಳು ಶಿಷ್ಯವೇತನ. ಅರ್ಜಿ ಕಳಿಸಲು ನಾಳೆಯೇ ಕಡೆಯ ದಿನ. ಸಿಗದಿದ್ದರೆ ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ಬೆಂದ ಬಿಸ್ಕತ್ತಿನ ವಾಸನೆ ನೋಡುವ ಕೆಲಸ ಅವಳಿಗಾಗಿ ಕಾದಿತ್ತು. ಅವಳಿಗೆ ಬೇಕಾಗಿದ್ದದ್ದು ಬಿಸ್ಕತ್ತಲ್ಲ, ಅವರೆಯ ಸೊಗಡು. ಚಳಿಗಾಲದ ಅವರೆಕಾಯಿಗೆ ಆ ಘಮ ಎಲ್ಲಿಂದ ಬರುತ್ತದೆ, ಬೇಸಿಗೆಯಲ್ಲಿ ಬೆಳೆದರೆ ಎಲ್ಲಿಗೆ ಹೋಗುತ್ತದೆ, ಇದನ್ನು ತಿಳಿಯಬೇಕೆಂದು ಅವಳ ಆಸೆ.

"ಶಿಷ್ಯರಿಗೆ ವೇತನವೇ?" ಎಂದರು ಹೊನ್ನಗಂಗಯ್ಯನವರು. "ನಮ್ಮ ಕಾಲದಲ್ಲಿ ಶಿಷ್ಯನೇ ಗುರುವಿನ ಮನೆಗೆ ಸೌದೆ ಒಡೆಯಬೇಕಿತ್ತು. ನಾನು ಒಡೆದ ಸೌದೆಯಲ್ಲಿ ನನ್ನ ಗುರುಗಳ ಮರಿಮಕ್ಕಳು ಇವತ್ತಿಗೂ ಅಡುಗೆ ಮಾಡುತ್ತಿದ್ದಾರೆ. ಇರಲಿ. ಇಲ್ಲಿಯ ತನಕ ಏನು ಬರೆದಿದ್ದೀಯ, ಓದು."

ಸುಚಿತ್ರಾ ಕೈ ಒರೆಸಿಕೊಂಡು ಮೊಬೈಲ್ ತೆಗೆದು ಓದಿದಳು.

"ಅವರೆಯ ಬಗ್ಗೆ ತಿಳಿಯಬೇಕಾದದ್ದನ್ನೆಲ್ಲ ತಿಳಿದಿರುವ ನಾನು, ಮೊದಲ ವರ್ಷದಲ್ಲಿಯೇ ಸೊಗಡಿನ ರಹಸ್ಯವನ್ನು ಭೇದಿಸಿ, ಎಲ್ಲ ಕಾಲದಲ್ಲಿಯೂ ಘಮಘಮಿಸುವ ತಳಿಯನ್ನು ನಾಡಿಗೆ ಕೊಟ್ಟು, ಹಸಿವೆಂಬುದನ್ನೇ ಇಲ್ಲವಾಗಿಸಿ..."

ಹೊನ್ನಗಂಗಯ್ಯನವರು ತಲೆದೂಗಿದರು. "ಚೆನ್ನಾಗಿದೆ ಮಗಳೇ. ಥೇಟು ನನ್ನ ಮಾತಿನ ಹಾಗೆಯೇ ಇದೆ."

ಸುಚಿತ್ರಾಳಿಗೆ ಭಯವಾಯಿತು.

"ಹಿದುಕುತ್ತಾ ಕೇಳು" ಎಂದು ಅವರು ಕತೆ ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ವಯಸ್ಸಾಗಿತ್ತು. ಹಲ್ಲು ಬಿದ್ದಿದ್ದವು. ಕಣ್ಣು ಮಂಜಾಗಿತ್ತು. ಕಿವಿ ಅವನಿಗೆ ಬೇಕಾದಾಗ ಮಾತ್ರ ಕೇಳುತ್ತಿತ್ತು. ಮೂಗು ಮಾತ್ರ ಚುರುಕಾಗಿತ್ತು. ಆ ಮೂಗಿಗೆ ಉಳಿದಿದ್ದ ಸುಖವೆಂದರೆ ಅವರೆಕಾಯಿಯ ಸೊಗಡು.

ಒಂದು ಸಲ ಅವನು ಬೇಸಿಗೆಯಲ್ಲಿ ಅವರೆ ತರಿಸಿದ. ಸಿಪ್ಪೆ ಇತ್ತು, ಕಾಳು ಇತ್ತು, ಸೊಗಡು ಇರಲಿಲ್ಲ. ವರ್ತಕ ಊಟದೆಲೆಯ ಮುಂದೆ ಕೂತು ಅತ್ತ. ಮರುದಿನ ಡಂಗುರ ಹೊಡೆಸಿದ. ಸೊಗಡು ಎಲ್ಲಿಂದ ಬರುತ್ತದೆ ಎಂದು ಹುಡುಕುವವನಿಗೆ ಹೊಲ ಕೊಡುತ್ತೇನೆ, ನೀರು ಕೊಡುತ್ತೇನೆ, ದಿನವೂ ನನ್ನ ಪಂಕ್ತಿಯಲ್ಲಿ ಎಲೆ ಹಾಕಿಸುತ್ತೇನೆ. ಅವನು ಬೇರೆ ಏನನ್ನೂ ಮಾಡಬೇಕಾಗಿಲ್ಲ. ಚಳಿಗಾಲಕ್ಕೆ ಬನ್ನಿ, ಒಬ್ಬನನ್ನು ಆರಿಸುತ್ತೇನೆ.

ಪಕ್ಕದ ಊರಿನಲ್ಲಿ ಒಬ್ಬ ರೈತನಿದ್ದ. ಅವನು ಅವರೆ ಬೆಳೆಯುತ್ತಿದ್ದ. ಅವರೆಗಿಂತ ಮಾತು ಹೆಚ್ಚು ಬೆಳೆಯುತ್ತಿದ್ದ. ನನ್ನ ಹೊಲದ ಸೊಗಡು ಎಷ್ಟು ಗಟ್ಟಿ ಎಂದರೆ ಹಾರುವ ಜೇನುಹುಳುಗಳು ಅದಕ್ಕೆ ಒರಗಿಕೊಂಡು ದಣಿವಾರಿಸಿಕೊಳ್ಳುತ್ತವೆ ಎನ್ನುತ್ತಿದ್ದ. ಒಮ್ಮೆ ಯಾವುದೋ ಊರಿಗೆ ಹೆಣ್ಣು ನೋಡಲು ಹೊರಟಿದ್ದ ಗಾಡಿಯ ಎತ್ತುಗಳು ಸೊಗಡು ಹಿಡಿದುಕೊಂಡು ನನ್ನ ಮನೆಗೇ ಬಂದವು, ಬಂದವರು ಸಾರು ಉಂಡ ಮೇಲೆ ಎದ್ದು ಹೋಗಲು ಮನಸ್ಸಾಗದೆ ನನ್ನ ಮಗಳಿಗೇ ತಾಂಬೂಲ ಬದಲಾಯಿಸಿದರು, ಮಗಳು ಆಗ ತೊಟ್ಟಿಲಲ್ಲಿದ್ದಳು ಎನ್ನುತ್ತಿದ್ದ.

"ತೊಟ್ಟಿಲಲ್ಲಿದ್ದ ಮಗುವಿಗಾ?" ಎಂದಳು ಸುಚಿತ್ರಾ.

"ಆ ಮದುವೆಯಲ್ಲಿ ನಾನೇ ಊಟ ಮಾಡಿದ್ದೇನೆ. ನೀನು ಹಿದುಕು."

ಡಂಗುರ ಕೇಳಿದ ಸಂಜೆ ರೈತ ಊರ ಕಟ್ಟೆಯ ಮೇಲೆ ಕೂತು, "ಆ ಹೊಲ ನನಗಲ್ಲದೆ ಇನ್ಯಾರಿಗೆ?" ಎಂದ.

"ಸಿಗದಿದ್ದರೆ?" ಎಂದರು ಊರವರು.

"ಸಿಗದಿದ್ದರೆ ಈ ಕಟ್ಟೆಯ ಮೇಲೆ ಇನ್ನು ಬಾಯಿ ಬಿಡುವುದಿಲ್ಲ."

ಅಂದಿನಿಂದ ಅವನಿಗೆ ಹೊಲ ಸಿಗದಿರಲಿ ಎಂದು ಊರಿನವರೆಲ್ಲ ಹರಕೆ ಹೊತ್ತರು.

ಆದರೆ ಒಳಗಿನ ಮಾತು ಬೇರೆ ಇತ್ತು. ಬೆಳಗಿನ ಜಾವ ಇಬ್ಬನಿ ತೊಟ್ಟಿಕ್ಕುವ ಹೊಲದಲ್ಲಿ ನಿಂತಾಗಲೆಲ್ಲ, ಇದು ಎಲ್ಲಿಂದ ಬರುತ್ತದಪ್ಪಾ ಎಂದು ಅವನಿಗೆ ಅನ್ನಿಸುತ್ತಿತ್ತು. ಚಿಕ್ಕಂದಿನಿಂದ ಅನ್ನಿಸುತ್ತಿತ್ತು. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಹೇಳಿದರೆ ತನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಆ ಹೊಲ ಅವನಿಗೆ ನಿಜವಾಗಿಯೂ ಬೇಕಾಗಿತ್ತು. ಬೇಕು ಎನ್ನುವ ಭಾಷೆ ಮಾತ್ರ ಅವನಿಗೆ ಬರುತ್ತಿರಲಿಲ್ಲ, ಜಂಬದ ಭಾಷೆಯೊಂದೇ ಬರುತ್ತಿತ್ತು.

ಸಂತೆಯಲ್ಲಿ ಅವರೆಕಾಯಿ ಕೊಳ್ಳುವವರು ಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಮೂಸುತ್ತಾರೆ. ಕೈಗೆ ಜಿಡ್ಡು ಹತ್ತಿ ಘಮ್ಮೆಂದರೆ ಸೊಗಡಿನ ಕಾಯಿ, ಇಲ್ಲದಿದ್ದರೆ ಕೆಳಗಿಟ್ಟು ಮುಂದಕ್ಕೆ ಹೋಗುತ್ತಾರೆ. ರೈತ ಇದನ್ನು ಯೋಚಿಸಿದ. ಕಾಯಿಯನ್ನು ಹೀಗೆ ಆರಿಸುವವರು ಮನುಷ್ಯನನ್ನೂ ಹೀಗೆಯೇ ಆರಿಸುತ್ತಾರೆ ಎಂದುಕೊಂಡ. ಹೊರಡುವ ದಿನ ಒಂದು ಕುಕ್ಕೆ ಕಾಯಿ ಕಿತ್ತು ತಂದ. ಅಂಗೈಗೆ ಉಜ್ಜಿದ, ತೋಳಿಗೆ ಉಜ್ಜಿದ, ಹೆಗಲ ಮೇಲಿನ ವಲ್ಲಿಗೆ ಉಜ್ಜಿದ. ಉಳಿದದ್ದನ್ನೆಲ್ಲ ಮೀಸೆಗೆ ಉಜ್ಜಿದ. ಆ ಮೀಸೆ ಸಾಮಾನ್ಯದ್ದಲ್ಲ. ಬೇರೆಯವರು ಮೀಸೆಯ ಮೇಲೆ ನಿಂಬೆಹಣ್ಣು ನಿಲ್ಲಿಸಿದರೆ ಇವನು ತೆಂಗಿನಕಾಯಿ ನಿಲ್ಲಿಸುತ್ತಿದ್ದ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಏನು, ಈ ವಯಸ್ಸಿನಲ್ಲಿ ಹೆಣ್ಣು ನೋಡೋಕೆ ಹೊರಟಿರಾ?" ಎಂದಳು.

ರೈತ ಮೀಸೆ ತಿರುವಿಕೊಂಡು ಹೋದ.

ವರ್ತಕನ ಜಗುಲಿಯಲ್ಲಿ ಅವನಿಗಿಂತ ಮುಂಚೆ ಇಬ್ಬರು ಬಂದಿದ್ದರು. ಮೊದಲನೆಯವನು, "ಸೊಗಡು ಚಂದ್ರನಿಂದ ಬರುತ್ತದೆ, ನನಗೆ ಖಂಡಿತ ಗೊತ್ತು" ಎಂದ. ವರ್ತಕ ಅವನಿಗೆ ಎಲೆ ಹಾಕಲು ಹೇಳಿ, "ಗೊತ್ತಾದ ಮೇಲೆ ಉಳಿದ ಕೆಲಸ ಊಟವೇ ಅಲ್ಲವೇ, ಆಯಿತು, ಉಂಡು ಹೋಗು" ಎಂದು ಒಳಗೆ ಕಳಿಸಿದ. ಎರಡನೆಯವನು ಕೈಮುಗಿದು, "ನನಗೆ ಏನೇನೂ ಗೊತ್ತಿಲ್ಲ, ತಾವು ಹೇಳಿದಂತೆ ಮಾಡುತ್ತೇನೆ" ಎಂದ. "ಅದಕ್ಕೆ ನಮ್ಮ ಕೊಟ್ಟಿಗೆಯಲ್ಲಿ ಎತ್ತು ಇದೆಯಪ್ಪ" ಎಂದು ವರ್ತಕ ಅವನನ್ನೂ ಊಟಕ್ಕೆ ಕಳಿಸಿದ.

ರೈತ ಒಳಗೆ ಕಾಲಿಡುವ ಮೊದಲೇ ಅವನ ಘಮ ಒಳಗೆ ಬಂತು. ವರ್ತಕನ ಮುಖ ಅರಳಿತು. ಎರಡು ಬುಟ್ಟಿ ಮುಂದಿಡಿಸಿದ. "ಒಂದರಲ್ಲಿ ಸೊಗಡಿನ ಕಾಯಿ ಇದೆ. ಇನ್ನೊಂದರಲ್ಲಿ ಸೊಗಡಿಲ್ಲದ್ದು. ಕಣ್ಣಿಗೆ ಎರಡೂ ಒಂದೇ. ಯಾವುದು ಯಾವುದು ಹೇಳು."

"ಇಷ್ಟೇನಾ ಶೆಟ್ಟರೇ? ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ" ಎಂದು ರೈತ ಕಣ್ಣು ಮುಚ್ಚಿದ.

ಮೊದಲ ಬುಟ್ಟಿಯ ಕಾಯಿ ಹಿಡಿದು ಮೂಸಿದ. ಸೊಗಡೋ ಸೊಗಡು. ಎರಡನೆಯದನ್ನು ಮೂಸಿದ. ಅದೂ ಅಷ್ಟೇ. ಮತ್ತೆ ಮೊದಲನೆಯದು. ಮತ್ತೆ ಎರಡನೆಯದು. ಮುಟ್ಟಿದ್ದೆಲ್ಲ ಅವರೆಯಾಗುತ್ತಿತ್ತು. ಅವನಿಗೆ ಬೆವರು ಬಂತು. ಬೆವರೂ ಅವರೆಯಾಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಡುಗೆಯ ಅಜ್ಜಿಗೆ ತಡೆಯಲಾಗಲಿಲ್ಲ. ಅಂಗಳದಿಂದ ಒಂದು ಬೆಣಚುಕಲ್ಲು ತಂದು ಅವನ ಕೈಗಿಟ್ಟಳು. "ಇದನ್ನೊಂಚೂರು ನೋಡು ಮಗ."

ರೈತ ಅದನ್ನು ಮೀಸೆಯ ಹತ್ತಿರ ಹಿಡಿದು ಬಹಳ ಹೊತ್ತು ಮೂಸಿದ. "ಇದೇ ಶೆಟ್ಟರೇ. ಇಂಥ ಸೊಗಡನ್ನು ನಾನು ಹುಟ್ಟಿದಾರಭ್ಯ ಕಂಡಿಲ್ಲ. ಕಾಳು ಒಂದಿಷ್ಟು ಬಲಿತಿದೆ, ಅಷ್ಟೇ."

ಜಗುಲಿಯಲ್ಲಿ ನಗು ಎದ್ದಿತು. ಊಟಕ್ಕೆ ಹೋದ ಇಬ್ಬರೂ ಕೈಯಲ್ಲಿ ತುತ್ತು ಹಿಡಿದುಕೊಂಡೇ ನೋಡಲು ಬಂದರು. ರೈತ ಕಣ್ಣು ತೆರೆದ. ಕೈಯಲ್ಲಿದ್ದ ಕಲ್ಲನ್ನು ನೋಡಿದ. ಊರ ಕಟ್ಟೆ ಅವನ ಕಣ್ಣ ಮುಂದೆ ಬಂತು. ಆಮೇಲೆ ಬೆಳಗಿನ ಜಾವದ ಹೊಲ ಬಂತು.

"ನೀರು ಕೊಡಿಸಿ" ಎಂದ.

ಬೂದಿ ಹಾಕಿ ಕೈ ತೊಳೆದ. ಸೀಗೆಪುಡಿ ಹಾಕಿ ತೋಳು ತೊಳೆದ. ವಲ್ಲಿಯನ್ನು ಬೇಲಿಯಾಚೆ ಎಸೆದ. ಮೀಸೆ ಮಾತ್ರ ತೊಳೆದಷ್ಟೂ ಘಮ್ಮೆನ್ನುತ್ತಿತ್ತು. ಕೊನೆಗೆ ಕ್ಷೌರದವನನ್ನು ಕರೆಸಿದರು. ಮೀಸೆ ಕೆಳಗೆ ಬಿದ್ದ ಸದ್ದಿಗೆ ಕೊಟ್ಟಿಗೆಯಲ್ಲಿದ್ದ ಎತ್ತು ಎದ್ದು ನಿಂತಿತಂತೆ.

ಈಗ ರೈತ ಬುಟ್ಟಿಗಳ ಮುಂದೆ ಕೂತ. ಬರೀ ಮೂಗು. ಮೂಸಿದ. ಇದು ಸೊಗಡಿನದು, ಅದು ಅಲ್ಲ ಎಂದ. ಸರಿಯಾಗಿತ್ತು.

"ಸರಿ. ಸೊಗಡು ಎಲ್ಲಿಂದ ಬರುತ್ತದೆ, ಹೇಳು" ಎಂದ ವರ್ತಕ.

ರೈತ ಬಾಯಿ ತೆರೆದ. ಕೈ ಅಭ್ಯಾಸದಂತೆ ಮೀಸೆಗೆ ಹೋಯಿತು. ಮೀಸೆ ಇರಲಿಲ್ಲ. ಹಿಡಿದುಕೊಳ್ಳಲು ಏನೂ ಸಿಗದೆ ಅವನ ಬಾಯಿಂದ ನಿಜ ಬಂತು.

"ಗೊತ್ತಿಲ್ಲ ಶೆಟ್ಟರೇ."

ವರ್ತಕ ನಿಟ್ಟುಸಿರು ಬಿಟ್ಟು ಎದ್ದ. "ಇವನಿಗೂ ಎಲೆ ಹಾಕಿ ಕಳಿಸಿ."

"ಊಟ ಆಮೇಲೆ. ನನಗೆ ಒಂದು ಅನುಮಾನ" ಎಂದ ರೈತ. ಸೊಗಡಿನ ಬುಟ್ಟಿಯಿಂದ ಒಂದು ಕಾಯಿ ತೆಗೆದು, ತಾನು ಕೈ ತೊಳೆದ ಹಾಗೆಯೇ ಬೂದಿ ಹಾಕಿ ತೊಳೆದ. ಮೂಸಿದ. ವರ್ತಕನ ಮೂಗಿಗೂ ಹಿಡಿದ. ಘಮ ಹೋಗಿತ್ತು. ಕಾಯಿ ಬಿಡಿಸಿ ಒಳಗಿನ ಕಾಳು ಮೂಸಿದ. ಅಲ್ಲಿಯೂ ಹೇಳಿಕೊಳ್ಳುವಂಥದ್ದು ಇರಲಿಲ್ಲ.

"ನೋಡಿ ಶೆಟ್ಟರೇ, ಇಷ್ಟು ಗೊತ್ತಾಯಿತು. ಸೊಗಡು ಕಾಳಿನಲ್ಲಿಲ್ಲ, ಸಿಪ್ಪೆಯ ಮೇಲಿದೆ. ತೊಳೆದರೆ ಹೋಗುತ್ತದೆ. ಆದರೆ ನನ್ನ ಹೊಲದ ಕಾಯಿ ರಾತ್ರಿಯೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತದೆ. ಇಬ್ಬನಿ ಹೆಚ್ಚಾದಷ್ಟೂ ಸೊಗಡು ಹೆಚ್ಚು. ಅದೂ ನೀರು, ಇದೂ ನೀರು. ಒಂದು ತೆಗೆಯುತ್ತದೆ, ಇನ್ನೊಂದು ತರುತ್ತದೆ. ಇದು ಹೇಗೆ? ಇಬ್ಬನಿ ತರುತ್ತದೋ, ಚಳಿ ತರುತ್ತದೋ, ಎರಡೂ ಜೊತೆಗೆ ಬರುವುದರಿಂದ ನಾವು ಮೋಸ ಹೋಗಿದ್ದೇವೋ? ಒಂದು ಸಾಲಿಗೆ ರಾತ್ರಿ ಹೊದಿಕೆ ಹಾಕಿ, ಪಕ್ಕದ ಸಾಲನ್ನು ಬಯಲಿಗೆ ಬಿಟ್ಟು ನೋಡಬೇಕು. ನನಗೆ ಇದು ಗೊತ್ತಿಲ್ಲ. ಇಷ್ಟು ದಿನ ಗೊತ್ತಿಲ್ಲದೆ ನಿದ್ದೆ ಬರುತ್ತಿತ್ತು, ಇನ್ನು ಬರುವುದಿಲ್ಲ."

ಎದ್ದಿದ್ದ ವರ್ತಕ ಮತ್ತೆ ಕೂತ.

"ಅಜ್ಜೀ, ಇವನಿಗೆ ಎಲೆ ಹಾಕು."

"ಇವತ್ತಿಗಾ?"

"ಇವನಿಗೆ ನಿದ್ದೆ ಬರುವ ತನಕ."

ರೈತನಿಗೆ ಹೊಲ ಸಿಕ್ಕ ಸುದ್ದಿ ಅವನಿಗಿಂತ ಮೊದಲು ಊರು ಮುಟ್ಟಿತು. ಹರಕೆ ಹೊತ್ತವರೆಲ್ಲ ದೇವರ ಮೇಲೆ ಬೇಸರ ಮಾಡಿಕೊಂಡರು. ಇನ್ನು ಇವನ ಬಾಯಿಗೆ ಬೀಗವಿಲ್ಲ ಎಂದುಕೊಂಡರು. ಆದರೆ ಮೀಸೆಯಿಲ್ಲದ ರೈತ ಕಟ್ಟೆಗೆ ಬಂದವನು ತನ್ನ ಹೊಲದ ಮಾತೆತ್ತಲಿಲ್ಲ. ನಿಮ್ಮ ಹೊಲದಲ್ಲಿ ಇಬ್ಬನಿ ಮೊದಲು ಎಲೆಗೆ ಕೂರುತ್ತದೋ ಕಾಯಿಗೋ, ನೆರಳಿನ ಸಾಲಿಗೆ ಸೊಗಡು ಹೇಗೆ, ಗಾಳಿ ಬೀಸಿದ ರಾತ್ರಿ ಹೇಗೆ ಎಂದು ಒಬ್ಬೊಬ್ಬರನ್ನೂ ಹಿಡಿದು ಕೇಳತೊಡಗಿದ. ಊರವರಿಗೆ ಇದು ಜಂಬಕ್ಕಿಂತ ಕಷ್ಟವಾಯಿತು. ಜಂಬಕ್ಕೆ ತಲೆಯಾಡಿಸಿದರೆ ಸಾಕಿತ್ತು, ಇದಕ್ಕೆ ಯೋಚನೆ ಮಾಡಬೇಕಿತ್ತು.

ಕತೆ ಅಲ್ಲಿಗೆ ನಿಂತಿತು. ಹೊನ್ನಗಂಗಯ್ಯನವರು ಕಾಳು ಹಿದುಕುತ್ತಿದ್ದರು. ಸುಚಿತ್ರಾ ಮೊಬೈಲ್ ಎತ್ತಿಕೊಂಡು ತಾನು ಬರೆದದ್ದನ್ನು ಇನ್ನೊಮ್ಮೆ ನೋಡಿದಳು. 'ತಿಳಿಯಬೇಕಾದದ್ದನ್ನೆಲ್ಲ ತಿಳಿದಿರುವ' ಎಂಬಲ್ಲಿ ಕಣ್ಣು ನಿಂತಿತು. ಅದನ್ನು ಅಳಿಸಿದಳು. 'ಹಸಿವು' ಅಳಿಸಿದಳು. ಅಳಿಸುತ್ತಾ ಹೋದ ಮೇಲೆ ಅವಳ ಹೆಸರೂ ಅವರೆಯ ಹೆಸರೂ ಮಾತ್ರ ಉಳಿದವು. ಅವಳಿಗೆ ಮತ್ತೆ ಅಳುಕು ಬಂತು. ನಾಳೆಯೇ ಕಡೆಯ ದಿನ.

"ಅಯ್ಯನವರೇ, ಆ ರೈತ ಕೊನೆಗೆ ಕಂಡುಹಿಡಿದನೇ? ಸೊಗಡು ಎಲ್ಲಿಂದ ಬರುತ್ತದೆ ಎಂದು ಅವನಿಗೆ ಗೊತ್ತಾಯಿತೇ?"

ಹೊನ್ನಗಂಗಯ್ಯನವರು ಒಂದು ಕಾಳನ್ನು ಸಿಪ್ಪೆಯಿಂದ ಪಾತ್ರೆಗೆ ಹಾರಿಸಿದರು.

"ಅವನಿಗೆ ಗೊತ್ತಾಗಿಬಿಟ್ಟಿದ್ದರೆ, ಮಗಳೇ, ನಾಳೆ ಕಳಿಸುವುದಕ್ಕೆ ನಿನ್ನ ಹತ್ತಿರ ಏನಿರುತ್ತಿತ್ತು?"