ಗುಂಡಿಗೊಂದು ಬೊಟ್ಟು

ಕರೆಯುವ ಮೊದಲೇ ಓಗೊಡುವವನಿಗೆ, ತೊದಲನ್ನೂ ತುಂಬು ಮಾತೆಂದು ಆಲಿಸುವವನಿಗೆ ನಮಸ್ಕಾರ. ಆತನನ್ನು ನೆನೆದು ಈ ಕತೆ.

ಒಬ್ಬ ಶಿಷ್ಯ ಗುರುಗಳ ಬಳಿ ಬಂದು ಕೈಮುಗಿದು ಕೇಳಿದ: "ಗುರುಗಳೇ, ನನಗೆ ಗೊತ್ತಿರುವ ಸ್ತೋತ್ರಗಳನ್ನೆಲ್ಲ ದಿನವೂ ಹೇಳುತ್ತೇನೆ. ಯಾರಾದರೂ ಇನ್ನೊಂದನ್ನು ಕಲಿಸಿದರೆ ಅದನ್ನೂ ಸೇರಿಸಿಕೊಳ್ಳುತ್ತೇನೆ. ಒಂದು ಬಿಟ್ಟುಹೋದರೂ ಸಂಜೆಯವರೆಗೆ ಎದೆ ನಡುಗುತ್ತಿರುತ್ತದೆ. ಇಷ್ಟಾದರೂ ನೆಮ್ಮದಿಯಿಲ್ಲ. ಇನ್ನೂ ಏನನ್ನು ಸೇರಿಸಲಿ?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನ ತಂದೆ ಹೃದಯದ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ದೊಡ್ಡ ಸದ್ದು ಕೂಡದು, ಗಾಬರಿಯಾದರೆ ಜೀವಕ್ಕೇ ಅಪಾಯ ಎಂದು ವೈದ್ಯರು ಹೇಳಿದ್ದರು. ಆ ಹಿರಿಯರಿಗೆ ಉಳಿದಿದ್ದ ಸುಖವೆಂದರೆ ಸಂಜೆ ಟೀವಿಯಲ್ಲಿ ಬರುವ ಭಜನೆ. ಮಗ ಪ್ರೀತಿಯಿಂದ ಗೋಡೆಯಗಲದ ಟೀವಿ ತಂದ, ಜೊತೆಗೆ ದೊಡ್ಡ ಸ್ಪೀಕರುಗಳನ್ನೂ ತಂದ. ಎಲ್ಲಕ್ಕೂ ಸೇರಿ ಒಂದು ರಿಮೋಟು, ಅದರ ಮೈತುಂಬ ಗುಂಡಿಗಳು. "ಇದರಲ್ಲಿ ಇಲ್ಲದ್ದೇ ಇಲ್ಲ ಸ್ವಾಮಿ" ಎಂದಿದ್ದ ಅಂಗಡಿಯವನು. ತಂದೆಗೆ ಬೇಕಾಗಿದ್ದದ್ದು ಟೀವಿ ಹಾಕುವುದು, ಆರಿಸುವುದು, ಸದ್ದು ಏರಿಸಿ ಇಳಿಸುವುದು, ಅಷ್ಟೇ.

ವ್ಯಾಪಾರಿಯ ಹೆಂಡತಿಗೆ ಆ ರಿಮೋಟೆಂದರೆ ಹಾವು ಮುಟ್ಟಿದ ಹಾಗೆ. ಒಮ್ಮೆ ಕೈತಪ್ಪಿ ಯಾವುದನ್ನೋ ಒತ್ತಿದ್ದಳು. ಪರದೆ ನೀಲಿಯಾಯಿತು. ರಿಪೇರಿಯವನು ಬರುವವರೆಗೂ ಮಾವ ಭಜನೆಯಿಲ್ಲದೆ ಗೋಡೆ ನೋಡುತ್ತ ಮಲಗಿದ್ದರು. ಅಂದಿನಿಂದ ಗಂಡ ತೋರಿಸಿಕೊಟ್ಟ ಗುಂಡಿಗಳನ್ನಷ್ಟೇ, ಉಸಿರು ಬಿಗಿಹಿಡಿದು, ತುದಿಬೆರಳಲ್ಲಿ ಒತ್ತುತ್ತಿದ್ದಳು. ಮಿಕ್ಕವು ಯಾವಾಗ ಏನು ಮಾಡಿಬಿಡುತ್ತವೋ ಎಂಬ ದಿಗಿಲು ಮಾತ್ರ ಹೋಗಲಿಲ್ಲ.

ಆಯುಧಪೂಜೆ ಬಂತು. ಈಳಿಗೆಮಣೆ, ಕತ್ತರಿ, ಹೊಲಿಗೆಯಂತ್ರಗಳ ಸಾಲಿನಲ್ಲಿ ಅವಳು ರಿಮೋಟನ್ನೂ ಇಟ್ಟಳು. ಕುಂಕುಮ ಕಲಸಿ ಒಂದು ಗುಂಡಿಗೆ ಬೊಟ್ಟಿಟ್ಟಳು. ಕೈ ತಡೆಯಿತು. ಒಂದಕ್ಕಿಟ್ಟು ಇನ್ನೊಂದನ್ನು ಬಿಟ್ಟರೆ? ಬಿಟ್ಟದ್ದೇ ಮುನಿದು ಕೇಡು ಮಾಡಿದರೆ? ಒಂದನ್ನೂ ಬಿಡದೆ ಎಲ್ಲ ಗುಂಡಿಗೂ ಬೊಟ್ಟಿಟ್ಟು ಅಡ್ಡಬಿದ್ದಳು.

ಗಂಡ ಅಂಗಡಿಯ ಪೂಜೆಗೆ ಹೋಗಿದ್ದ. ಸಂಜೆ ಮಾವ ಕರೆದರು: "ಹೊತ್ತಾಯ್ತಲ್ಲಮ್ಮ, ಭಜನೆ ಹಾಕು."

ರಿಮೋಟು ಹಿಡಿದರೆ ಗುರುತುಗಳೆಲ್ಲ ಒಣಗಿದ ಕುಂಕುಮದಡಿ ಮುಚ್ಚಿಹೋಗಿವೆ. ಅಂದಾಜಿನ ಮೇಲೆ ಟೀವಿ ಹಾಕಿದಳು. ತುಸು ಸದ್ದು ಏರಿಸೋಣವೆಂದು ಒತ್ತಿದಳು. ಒತ್ತಿದ ಗುಂಡಿ ಮೇಲೇಳಲಿಲ್ಲ. ಕುಂಕುಮಕ್ಕೆ ಅಂಟಿಕೊಂಡು ಒಳಗೇ ಉಳಿಯಿತು. ಸದ್ದು ಏರಿತು. ಏರುತ್ತಲೇ ಹೋಯಿತು. ತಾಳದ ಹೊಡೆತಕ್ಕೆ ಕಿಟಕಿಯ ಗಾಜು ಅದುರಿತು. ಸಿಕ್ಕಸಿಕ್ಕ ಗುಂಡಿ ಒತ್ತಿದಳು. ಒಂದೂ ಅವಳ ಮಾತು ಕೇಳಲಿಲ್ಲ. ಮಾವ ಎದೆ ಹಿಡಿದುಕೊಂಡು ಏನೋ ಕೂಗುತ್ತಿದ್ದರು. ಬಾಯಿ ಆಡುವುದು ಕಂಡಿತು, ದನಿ ಕೇಳಲಿಲ್ಲ.

ರಿಮೋಟು ಎಸೆದು ಓಡಿಹೋಗಿ ಗೋಡೆಯ ಸ್ವಿಚ್ಚು ಆರಿಸಿದಳು.

ಮನೆ ನಿಶ್ಶಬ್ದವಾಯಿತು. ಹಾಸಿಗೆಯ ಕಡೆ ತಿರುಗಲು ಅವಳಿಗೆ ಧೈರ್ಯವಾಗಲಿಲ್ಲ. ಗೋಡೆಗೆ ಹಣೆಯಿಟ್ಟು ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಹಿಂದಿನಿಂದ ಸಣ್ಣ ದನಿ ಬಂತು: "ಅಷ್ಟು ಕೂಗಬೇಕೇನಮ್ಮ? ದೇವರೇನು ಕಿವುಡನೇ?"

ಆಗ ಅವಳಿಗೆ ಅಳು ಬಂತು.

ಮರುದಿನ ರಿಮೋಟನ್ನು ಒರೆಸಿ ಸರಿಮಾಡಿ, ಅದಕ್ಕೊಂದು ಬಟ್ಟೆಯ ಚೀಲ ಹೊಲಿದಳು. ಬೇಕಾದ ಗುಂಡಿಗಳ ಜಾಗದಲ್ಲಷ್ಟೇ ಕಿಂಡಿ ಬಿಟ್ಟಳು. ಗಂಡ ನೋಡಿ ನಕ್ಕ. "ಇದೇನೇ, ರಿಮೋಟಿಗೂ ರವಿಕೆ ಹೊಲಿದೆಯಾ?"

"ನಗಿ, ಬೇಡವೆಂದವರಾರು? ಮಾವನವರಿಗೆ ಬೇಕಾದವು ಹೊರಗಿರಲಿ. ಮಿಕ್ಕವು ಒಳಗೆ ತಣ್ಣಗೆ ಮಲಗಿರಲಿ."

ಅಂದು ಸಂಜೆ ಅವಳು ಉಸಿರು ಬಿಗಿಹಿಡಿಯದೆ ಭಜನೆ ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಅಂಜುತ್ತಲೇ ಕೇಳಿದ: "ಮುಚ್ಚಿಟ್ಟ ಗುಂಡಿಗಳಿಂದ ಆಮೇಲೆ ಕೇಡೇನೂ ಆಗಲಿಲ್ಲವೇ?"

ಗುರುಗಳು ಹೇಳಿದರು: "ಮಗು, ಅಷ್ಟೂ ಗುಂಡಿಗಳಿಗೆ ಬೊಟ್ಟಿಟ್ಟಳಲ್ಲ, ಅಂದು ಅವಳು ಪೂಜಿಸಿದ್ದು ದೇವರನ್ನೋ, ತನ್ನ ಭಯವನ್ನೋ?"



ಇದಕ್ಕೆ ಕಿವಿಗೊಟ್ಟವರ ಮನೆಯಲ್ಲಿ ದನಿ ಮೆಲ್ಲಗಿರಲಿ, ಎದೆ ಹಗುರಾಗಿರಲಿ. ಒಮ್ಮೆ ಕರೆದರೂ ಸಾಕೆಂಬ ನಂಬಿಕೆಯನ್ನು ಆತ ಎಲ್ಲರಿಗೂ ಕೊಡಲಿ.