ಸೋದರಮಾವನ ತೊಡೆ

“ಅವ್ವಾ, ಇಷ್ಟು ವರ್ಷ ನಿಮ್ಮ ಮಾತು ಕೇಳಿದ್ದೇನೆ, ಒಂದು ದಿನವೂ ತಪ್ಪಿಸಿಲ್ಲ. ಆದರೂ ಬಂದಾಗ ಹೇಗಿದ್ದೆನೋ ಹಾಗೇ ಇದ್ದೇನೆ. ಯಾಕೆ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ನೀಲಮ್ಮತಾಯಿ ಒಂದು ಕತೆ ಹೇಳಿದರು.

ಒಬ್ಬ ತುಪ್ಪದ ವ್ಯಾಪಾರಿ ಇದ್ದ. ತಾನು ತಿಂದು ನೋಡದ ಸರಕನ್ನು ಗಿರಾಕಿಗೆ ಕೊಡಬಾರದು ಎಂಬುದು ಅವನ ನಿಯಮ. ಆ ನಿಯಮವನ್ನು ಹೋಳಿಗೆಯ ಮೇಲೂ ಪಾಲಿಸುತ್ತಿದ್ದ, ಬೇಸನ್ ಉಂಡೆಯಲ್ಲೂ ಪಾಲಿಸುತ್ತಿದ್ದ. ಕೂತರೆ ಏಳಲು ಜನ ಬೇಕಿತ್ತು. ಎಬ್ಬಿಸುವವರು ಇದ್ದುದರಿಂದ ಅವನಿಗೆ ಅದರ ಚಿಂತೆ ಇರಲಿಲ್ಲ.

ಅವನ ತಂಗಿಗೆ ಬಹಳ ಕಾಲದ ಮೇಲೆ ಹೆಣ್ಣು ಮಗು ಹುಟ್ಟಿತು. ಕಿವಿ ಚುಚ್ಚುವಾಗ ಮಗು ಸೋದರಮಾವನ ತೊಡೆಯ ಮೇಲೆ ಕೂರಬೇಕು. ವ್ಯಾಪಾರಿ ಆಗಲೇ ಓಲೆ ಮಾಡಿಸಿಟ್ಟಿದ್ದ. ಒಂದು ದಿನ ಮಗುವನ್ನು ಕೂರಿಸಿಕೊಂಡು ನೋಡಿದ. ಮಗು ಜಾರಿ ಚಾಪೆಗೆ ಬಂತು. ಮತ್ತೆ ಕೂರಿಸಿದ, ಮತ್ತೆ ಜಾರಿತು. ಮೊಣಕಾಲಿನವರೆಗಿನ ಜಾಗವನ್ನೆಲ್ಲ ಹೊಟ್ಟೆ ಹಿಡಿದಿತ್ತು.

“ಅಣ್ಣಾ, ನಿನಗೆ ತೊಡೆಯೇ ಉಳಿದಿಲ್ಲವಲ್ಲೋ,” ಎಂದಳು ತಂಗಿ. “ದೊಡ್ಡಪ್ಪನ ಮಗನನ್ನು ಕರೆಯುತ್ತೇನೆ ಬಿಡು. ಸಣಕಲನಾದರೂ ಅವನಿಗೆ ತೊಡೆ ಅಂತ ಒಂದಿದೆ.”

ಎಲ್ಲರೂ ನಕ್ಕರು. ವ್ಯಾಪಾರಿಯೂ ನಕ್ಕ. ಮನೆಗೆ ಬಂದು ಊಟ ಬೇಡವೆಂದ. ಅವನ ಹೆಂಡತಿ ಗಾಬರಿಯಾಗಿ ಅವನನ್ನು ವೈದ್ಯೆಯ ಬಳಿಗೆ ಕರೆದೊಯ್ದಳು.

ವೈದ್ಯೆ ಮಧುನಾಶಿನಿ ಎಲೆ ಕೊಟ್ಟು, ಉಣ್ಣುವ ಮುಂಚೆ ತೆಗೆದುಕೊಳ್ಳಲು ಹೇಳಿದಳು. ವ್ಯಾಪಾರಿ ಒಂದು ಹೊತ್ತೂ ತಪ್ಪಿಸಲಿಲ್ಲ. ತಂಗಿಯನ್ನು ಕಾಡಿ ಬೇಡಿ ಕಿವಿ ಚುಚ್ಚುವ ದಿನವನ್ನು ಮುಂದಕ್ಕೆ ಹಾಕಿಸಿದ. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು. ಎಲೆ ಸುಳ್ಳು ಎಂದು ವೈದ್ಯೆಯೊಡನೆ ಜಗಳಕ್ಕೆ ಹೋದ.

ಹೇಗೆ ತೆಗೆದುಕೊಂಡಿರಿ ಎಂದು ಅವಳು ಕೇಳಿದಳು. ವ್ಯಾಪಾರಿ ಹೆಮ್ಮೆಯಿಂದ ವಿವರಿಸಿದ. ಎಲೆ ಬಹಳ ಕಹಿ. ಆದ್ದರಿಂದ ಹೆಂಡತಿ ಅದನ್ನು ಅರೆದು, ಸಾರ ಹಿಂಡಿ, ತುಪ್ಪದಲ್ಲಿ ಕಲಸಿ, ಬೇಸನ್ ಉಂಡೆಯ ನಡುವೆ ಇಟ್ಟು ಕೊಡುತ್ತಾಳೆ. ಕಹಿ ಇದ್ದುದೇ ಗೊತ್ತಾಗುವುದಿಲ್ಲ. ತೋರಿಸಲೆಂದು ಅಂಥ ಉಂಡೆಗಳನ್ನು ಡಬ್ಬಿಯಲ್ಲಿ ತಂದಿದ್ದ ಕೂಡ.

ವೈದ್ಯೆ ಅವನಿಂದ ಬರಿಯ ಎಲೆಯನ್ನು ಅಗಿಸಿದಳು. ಆಮೇಲೆ ಅವನದೇ ಡಬ್ಬಿಯಿಂದ ಒಂದು ಉಂಡೆ ಕೊಟ್ಟಳು. ಅವನು ಕಚ್ಚಿದ, ಉಗುಳಿದ.

“ಮರಳು ತಿಂದ ಹಾಗಿದೆಯಲ್ಲ ತಾಯಿ.”

“ಉಂಡೆ ನಿಮ್ಮ ಮನೆಯದೇ, ಯಜಮಾನರೇ. ಎಲೆಯ ಕೆಲಸ ನಾಲಿಗೆಯಿಂದ ಶುರು, ಸಿಹಿಯ ರುಚಿಯನ್ನೇ ಅಳಿಸುತ್ತದೆ. ನೀವು ಅದನ್ನು ನಾಲಿಗೆಗೆ ತೋರಿಸಲೇ ಇಲ್ಲ.”

ಅಂದಿನಿಂದ ವ್ಯಾಪಾರಿ ಎಲೆಯನ್ನು ಅಗಿದ ಮೇಲೆಯೇ ಊಟಕ್ಕೆ ಕೂರುತ್ತಿದ್ದ. ಉಂಡೆ ಮರಳಾಯಿತು, ಹೋಳಿಗೆ ಮಣ್ಣಾಯಿತು. ಸಿಹಿಯಿಲ್ಲದ ತುಪ್ಪ ಬರಿಯ ಜಿಡ್ಡು. ರೊಟ್ಟಿ, ಪಲ್ಯ ತಿಂದು ಏಳುತ್ತಿದ್ದ. ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಮನೆಯ ಬೆಕ್ಕು ಬಂದು ಅವನ ತೊಡೆಯ ಮೇಲೆ ಮಲಗಿತು. ಅದು ಎದ್ದುಹೋಗದಿರಲಿ ಎಂದು ಸಂಜೆಯವರೆಗೂ ಅವನು ಅಲುಗಾಡಲಿಲ್ಲ. ಬಂದ ಗಿರಾಕಿಗಳಿಗೆ ಸನ್ನೆಯಲ್ಲೇ ತುಪ್ಪದ ಪಾತ್ರೆ ತೋರಿಸಿದ.

ಕಿವಿ ಚುಚ್ಚುವ ದಿನ ಮಗು ಮಾವನ ತೊಡೆಯ ಮೇಲೆ ಗಟ್ಟಿಯಾಗಿ ಕೂತಿತು. ಅಕ್ಕಸಾಲಿಗ ಚುಚ್ಚಿದ ಕೂಡಲೇ ಊರು ಕೇಳುವಂತೆ ಕಿರುಚಿ, ಹೊಸ ಪಂಚೆಯ ಮೇಲೆ ಉಚ್ಚೆ ಹೊಯ್ದಿತು. ತಂಗಿ ಬೇರೆ ಪಂಚೆ ತಂದಳು. ವ್ಯಾಪಾರಿ ಒಪ್ಪಲಿಲ್ಲ. ಒದ್ದೆ ತೊಡೆಯನ್ನು ಬಂದವರಿಗೆಲ್ಲ ತೋರಿಸುತ್ತ ಓಡಾಡಿದ.

ಕೊಟ್ರಯ್ಯ ಬಿದ್ದು ಬಿದ್ದು ನಕ್ಕ. ಅವನ ನಗು ಮುಗಿಯುವವರೆಗೆ ತಾಯಿ ಕಾದರು.

“ನನ್ನ ಮಾತನ್ನು ನೀನು ಯಾವ ಉಂಡೆಯಲ್ಲಿಟ್ಟು ನುಂಗುತ್ತಿದ್ದೀಯಪ್ಪ?” ಎಂದರು.